ಅಧ್ಯಾಪಕ ಜೋಸೆಫ್ ಹೆನ್ರಿ ಮತ್ತು ಅವರ ವಿದ್ಯುತ್ಕಾಂತ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಕುಳಿತು ಪಾಠ ಕೇಳಿದ ಹಳೆ ವಿದ್ಯಾರ್ಥಿಗಳಿಗೆ ಒಂದು ದೃಶ್ಯ ಮರೆತಿರಲಾರದು. ಮೇಜಿನ ಮೇಲೆ ಉದ್ದನೆಯ ಒಂದು ಕಬ್ಬಿಣದ ಮೊಳೆ, ಅದಕ್ಕೆ ಸುತ್ತಿದ ತಾಮ್ರದ ತಂತಿ, ಎರಡು ಟಾರ್ಚ್ ಸೆಲ್ಲುಗಳು, ಒಂದು ತಟ್ಟೆಯಲ್ಲಿ ಗುಂಡುಸೂಜಿಗಳು. ತಂತಿಯ ತುದಿಗಳನ್ನು ಸೆಲ್ಲಿಗೆ ಮುಟ್ಟಿಸಿದೊಡನೆ ಸೂಜಿಗಳು ಮೊಳೆಗೆ ಜೋತುಬೀಳುತ್ತವೆ, ತೆಗೆದೊಡನೆ ಉದುರುತ್ತವೆ. ಇಷ್ಟಾದ ಬಳಿಕ ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದರ ಬಲವನ್ನು ಹೆಚ್ಚಿಸುವುದು ಹೇಗೆ? ಸುತ್ತುಗಳನ್ನು ಹೆಚ್ಚಿಸು, ಸೆಲ್ಲುಗಳನ್ನು ಹೆಚ್ಚಿಸು ಎಂದು ಪಠ್ಯಪುಸ್ತಕದಲ್ಲಿದ್ದ ಉತ್ತರವನ್ನೇ ನಾನೂ ಹಲವು ವರ್ಷ ಹೇಳುತ್ತ ಬಂದೆ. ಆ ಉತ್ತರ ಅರ್ಧ ಮಾತ್ರ ಸರಿಯೆಂಬುದು ನನಗೆ ಮನದಟ್ಟಾದದ್ದು ಅಮೆರಿಕದ ಜೋಸೆಫ್ ಹೆನ್ರಿಯವರ ಜೀವನವನ್ನು ಓದಿದ ಮೇಲೆ. ಅವರೂ ಒಂದು ಕಾಲಕ್ಕೆ ಶಾಲಾ ಅಧ್ಯಾಪಕರಾಗಿದ್ದವರು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಮೊದಲು ನೆನಪಾದವರು ಅವರೇ.

ಹೆನ್ರಿಯವರು ಹುಟ್ಟಿದ್ದು 1797ರ ಡಿಸೆಂಬರ್ 17ರಂದು, ನ್ಯೂಯಾರ್ಕ್ ರಾಜ್ಯದ ಆಲ್ಬನಿ ಪಟ್ಟಣದಲ್ಲಿ. ಸ್ಕಾಟ್ಲೆಂಡಿನಿಂದ ವಲಸೆ ಬಂದ ಮನೆತನ. ತಂದೆ ದಿನಗೂಲಿಯ ಕೆಲಸಗಾರರು. ಮನೆಯ ಬಡತನದಿಂದಾಗಿ ಬಾಲಕನನ್ನು ಗಾಲ್ವೆ ಎಂಬ ಹಳ್ಳಿಯಲ್ಲಿದ್ದ ಅಜ್ಜಿಯ ಮನೆಗೆ ಕಳುಹಿಸಲಾಯಿತು. ಅಲ್ಲಿ ಹಳ್ಳಿಯ ಶಾಲೆ. ಶಾಲೆ ಬಿಟ್ಟ ಬಳಿಕ ಒಂದು ಅಂಗಡಿಯಲ್ಲಿ ಕೆಲಸ. ಓದಿನಲ್ಲಿ ವಿಶೇಷ ಆಸಕ್ತಿಯೇನೂ ಇರಲಿಲ್ಲ. ಸಾಕಿದ ಮೊಲವೊಂದು ತಪ್ಪಿಸಿಕೊಂಡು ಊರಿನ ಇಗರ್ಜಿಯ ನೆಲಗಟ್ಟಿನ ಕೆಳಗೆ ನುಗ್ಗಿತಂತೆ. ಅದನ್ನು ಹಿಡಿಯಲು ತೆವಳಿಕೊಂಡು ಹೋದ ಹುಡುಗ ನೆಲದ ಹಲಗೆಯ ಸಂದಿಯಿಂದ ಮೇಲೇರಿದಾಗ ಕಂಡದ್ದು ಊರ ಪುಸ್ತಕ ಭಂಡಾರ. ಕೈಗೆ ಸಿಕ್ಕಿದ ಕಾದಂಬರಿಯನ್ನು ಅಲ್ಲಿಯೇ ಕುಳಿತು ಓದತೊಡಗಿದ. ಆ ಮೇಲೆ ಅದೇ ಸಂದಿಯಿಂದ ಎಷ್ಟು ಸಲ ಹೋಗಿಬಂದನೋ ಲೆಕ್ಕವಿಲ್ಲ. ಮೊಲದ ಈ ಕಥೆ ಹೆನ್ರಿಯವರ ಎಲ್ಲ ಜೀವನಚರಿತ್ರೆಗಳಲ್ಲಿಯೂ ಬರುತ್ತದೆ.

ತಂದೆ ಬೇಗನೆ ತೀರಿಕೊಂಡರು. ಹದಿಮೂರನೆಯ ವಯಸ್ಸಿನ ಸುಮಾರಿಗೆ ಆಲ್ಬನಿಗೆ ಮರಳಿದ ಹುಡುಗನನ್ನು ಗಡಿಯಾರ ಮತ್ತು ಬೆಳ್ಳಿಯ ಕೆಲಸ ಮಾಡುವ ಒಬ್ಬರ ಬಳಿ ಕೆಲಸ ಕಲಿಯಲು ಬಿಟ್ಟರು. ಆ ಕಸುಬು ಅವನಿಗೆ ಹಿಡಿಸಲಿಲ್ಲವಾದರೂ ಸಣ್ಣ ಭಾಗಗಳನ್ನು ನಾಜೂಕಾಗಿ ಜೋಡಿಸುವ ಕೈಯಳತೆ ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಊಹೆ. ಮನಸ್ಸೆಲ್ಲ ನಾಟಕದ ಮೇಲೆ. ಹವ್ಯಾಸಿ ತಂಡವೊಂದನ್ನು ಸೇರಿ, ಅಭಿನಯಿಸಿ, ನಟನಾಗಿಯೇ ಬಾಳುವ ಯೋಚನೆಯಲ್ಲಿದ್ದಾಗ ಒಂದು ದಿನ ಕಾಯಿಲೆ ಬಿದ್ದು ಮನೆಯಲ್ಲಿ ಮಲಗಬೇಕಾಯಿತು. ತಾಯಿಯ ಮನೆಯಲ್ಲಿ ಬಾಡಿಗೆಗಿದ್ದವರೊಬ್ಬರು ಮೇಜಿನ ಮೇಲೆ ಬಿಟ್ಟಿದ್ದ ಪುಸ್ತಕವನ್ನು ಹೊತ್ತುಹೋಗಲೆಂದು ತೆರೆದ. ಪ್ರಯೋಗ ವಿಜ್ಞಾನದ ಸುಲಭ ಉಪನ್ಯಾಸಗಳ ಪುಸ್ತಕವದು. ಮೇಲಕ್ಕೆಸೆದ ಕಲ್ಲು ಏಕೆ ಹಿಂತಿರುಗಿ ಬೀಳುತ್ತದೆ, ಜ್ವಾಲೆ ಏಕೆ ಮೇಲಕ್ಕೇ ಏಳುತ್ತದೆ ಎಂಬಂತಹ ಪ್ರಶ್ನೆಗಳಿಂದ ಅದು ಆರಂಭವಾಗುತ್ತಿತ್ತು. ದಿನವೂ ಕಂಡರೂ ಎಂದೂ ಕೇಳದೆ ಬಿಟ್ಟ ಪ್ರಶ್ನೆಗಳು. ಗುಣವಾಗಿ ಎದ್ದವನೇ ನಾಟಕದ ಗೆಳೆಯರಿಗೆ ವಿದಾಯ ಹೇಳಿದ. ಪುಸ್ತಕದ ಒಡೆಯರು ಅದನ್ನು ಅವನಿಗೇ ಕೊಟ್ಟುಬಿಟ್ಟರು; ಬಾಳಿನುದ್ದಕ್ಕೂ ಹೆನ್ರಿಯವರು ಅದನ್ನು ಜೋಪಾನವಾಗಿರಿಸಿಕೊಂಡಿದ್ದರು.

1819ರಲ್ಲಿ, ಇಪ್ಪತ್ತೊಂದು ತುಂಬಿದ ಮೇಲೆ, ಅವರು ಆಲ್ಬನಿ ಅಕಾಡೆಮಿ ಎಂಬ ಶಾಲೆಯನ್ನು ಸೇರಿದರು. ತಮಗಿಂತ ಎಷ್ಟೋ ಚಿಕ್ಕವರಾದ ಹುಡುಗರ ಜೊತೆ ಕುಳಿತು ಕಲಿತರು. ಶುಲ್ಕದ ವಿನಾಯಿತಿ ದೊರೆಯಿತು. ಊಟ ಬಟ್ಟೆಗೆ ಮನೆಪಾಠ ಹೇಳಿ ಸಂಪಾದಿಸಿದರು. ನಡುವೆ ವೈದ್ಯನಾಗುವ ಆಲೋಚನೆ, ಒಂದಿಷ್ಟು ಕಾಲ ರಸ್ತೆಯ ಸರ್ವೆ ಕೆಲಸ. ಕೊನೆಗೆ 1826ರಲ್ಲಿ ತಾವು ಓದಿದ ಅಕಾಡೆಮಿಯಲ್ಲಿಯೇ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರಾದರು.

ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ನಮಗೆಲ್ಲ ಪರಿಚಿತವಾದದ್ದೇ. ದಿನಕ್ಕೆ ಏಳು ಗಂಟೆ ಪಾಠ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಸಣ್ಣ ಹುಡುಗರಿಗೆ ಕೂಡುವ ಕಳೆಯುವ ಲೆಕ್ಕ ಕಲಿಸುವುದು. ಪ್ರಯೋಗಕ್ಕೆಂದು ಪ್ರತ್ಯೇಕ ಕೊಠಡಿಯಿಲ್ಲ. ವರ್ಷದಲ್ಲಿ ಆಗಸ್ಟ್ ತಿಂಗಳ ರಜೆಯಲ್ಲಿ ಮಾತ್ರ ಶಾಲೆಯ ದೊಡ್ಡ ಕೊಠಡಿ ಖಾಲಿಯಾಗುತ್ತಿತ್ತು. ಬೆಂಚುಗಳನ್ನು ಬದಿಗೆ ಸರಿಸಿ ಆ ಒಂದು ತಿಂಗಳು ಪ್ರಯೋಗ ನಡೆಸಬೇಕು, ತರಗತಿಗಳು ಆರಂಭವಾಗುವ ಹೊತ್ತಿಗೆ ಎಲ್ಲವನ್ನೂ ಕಟ್ಟಿ ಒಳಗಿಡಬೇಕು. ಹೆನ್ರಿಯವರು ಮಾಡಿದ ಮುಖ್ಯ ಕೆಲಸದ ಬಹುಪಾಲು ಹೀಗೆ ರಜೆಯ ಕೆಲವು ವಾರಗಳಲ್ಲಿಯೇ ನಡೆಯಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಅವರ ಕೈಗೆ ಬರುವ ಮುನ್ನ ವಿದ್ಯುತ್ಕಾಂತ ಎಲ್ಲಿಗೆ ತಲುಪಿತ್ತೆಂಬುದನ್ನು ಇಲ್ಲಿ ಹೇಳಬೇಕು. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುತ್ತದೆಂಬುದನ್ನು ಡೆನ್ಮಾರ್ಕಿನ ಅರ್‌ಸ್ಟೆಡ್ 1820ರಲ್ಲಿ ತೋರಿಸಿಕೊಟ್ಟರು. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕುದುರೆಲಾಳದಂತೆ ಬಗ್ಗಿಸಿದ ಮೆದು ಕಬ್ಬಿಣದ ಸಲಾಕೆಗೆ ತಾಮ್ರದ ತಂತಿಯನ್ನು ಸುತ್ತಿ ಮೊದಲ ವಿದ್ಯುತ್ಕಾಂತವನ್ನು ಮಾಡಿದರು. ಸ್ಟರ್ಜನ್ ಚಮ್ಮಾರರ ಮಗ, ಸಿಪಾಯಿಯಾಗಿದ್ದವರು. ನಮ್ಮ ದೇಶಕ್ಕೆ ಬರಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಗಳನ್ನು ತಯಾರಿಸುತ್ತಿದ್ದ ಆಡಿಸ್ಕೂಂಬ್ ಶಾಲೆಯಲ್ಲಿ ವಿಜ್ಞಾನದ ಉಪನ್ಯಾಸಕರಾಗಿದ್ದರು. ಅವರ ಕಬ್ಬಿಣದ ತೂಕ ಸುಮಾರು 200 ಗ್ರಾಂ. ಅದು ಎತ್ತಿದ್ದು 4 ಕಿಲೋ. ಆ ಕಾಲಕ್ಕೆ ಅದು ಸೋಜಿಗವೇ. ಆದರೆ ತಂತಿ ಬರಿಯ ತಂತಿ. ಸುತ್ತುಗಳು ಒಂದಕ್ಕೊಂದು ತಾಗಿದರೆ ವಿದ್ಯುತ್ತು ಸುತ್ತಿ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಹಾಗಾಗಿ ಸ್ಟರ್ಜನ್ ಕಬ್ಬಿಣಕ್ಕೆ ವಾರ್ನಿಷ್ ಬಳಿದು, ತಂತಿಯನ್ನು ದೂರ ದೂರಕ್ಕೆ ಸಡಿಲವಾಗಿ ಸುಮಾರು ಹದಿನೆಂಟು ಸುತ್ತು ಮಾತ್ರ ಸುತ್ತಿದ್ದರು.

ಹೆನ್ರಿಯವರು ಮಾಡಿದ ಮೊದಲ ಬದಲಾವಣೆ ಕೇಳಲು ಬಹಳ ಸಣ್ಣದು. ಕಬ್ಬಿಣದ ಬದಲು ತಂತಿಗೇ ಬಟ್ಟೆ ತೊಡಿಸಿದರು. ತಂತಿಯ ಉದ್ದಕ್ಕೂ ರೇಷ್ಮೆಯನ್ನು ಸುತ್ತಿದರು. ಹೀಗೆ ಮಾಡಿದ ಮೇಲೆ ಸುತ್ತುಗಳನ್ನು ಒತ್ತೊತ್ತಾಗಿ, ಒಂದರ ಮೇಲೊಂದು ಪದರವಾಗಿ ಎಷ್ಟು ಬೇಕಾದರೂ ಹಾಕಬಹುದಾಯಿತು. ಹದಿನೆಂಟು ಸುತ್ತುಗಳ ಜಾಗದಲ್ಲಿ ಸುಮಾರು ನಾನೂರು ಸುತ್ತುಗಳು ಬಂದವು. ಇಂದು ನಾವು ಅಂಗಡಿಯಿಂದ ಎನಾಮಲ್ ಲೇಪಿಸಿದ ತಂತಿಯ ಸುರುಳಿಯನ್ನು ಕೊಂಡುತರುತ್ತೇವೆ. ಆಗ ನೂರಾರು ಅಡಿ ತಂತಿಗೆ ಕೈಯಿಂದಲೇ ಹೊದಿಕೆ ಸುತ್ತಬೇಕಿತ್ತು. ಪತ್ನಿಯ ರೇಷ್ಮೆ ಲಂಗಗಳನ್ನು ಹರಿದು ಹೊದಿಕೆ ಮಾಡಿದರೆಂಬ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಚೆನ್ನಾಗಿದೆ, ಆದರೆ ರೇಷ್ಮೆ ಹೊದಿಸಿದ ತಂತಿಯ ಕಾಂತವನ್ನು ಅವರು ಆಲ್ಬನಿಯ ವಿದ್ವತ್ಸಭೆಗೆ ತೋರಿಸಿದ್ದು 1828ರಲ್ಲಿ. ಹ್ಯಾರಿಯೆಟ್ ಅವರ ಕೈಹಿಡಿದದ್ದು 1830ರ ಮೇ ತಿಂಗಳಲ್ಲಿ. ಮದುವೆಗೆ ಮೊದಲೇ ಹೆಂಡತಿಯ ಲಂಗ ಹರಿಯುವುದು ಹೇಗೆ ಸಾಧ್ಯವೋ ಕಥೆ ಕಟ್ಟಿದವರೇ ಹೇಳಬೇಕು.

ಇನ್ನು ಎರಡನೆಯ ಮಾತು. ನಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಸುತ್ತುಗಳನ್ನು ಹೆಚ್ಚಿಸುತ್ತ ಹೋದರೆ ಬಲ ಹೆಚ್ಚುತ್ತ ಹೋಗಬೇಕಲ್ಲವೆ? ಹೆನ್ರಿಯವರು ನೋಡಿದಾಗ ಹಾಗಾಗಲಿಲ್ಲ. ತಂತಿ ಉದ್ದವಾದಷ್ಟೂ ಅದರೊಳಗೆ ಹರಿಯುವ ವಿದ್ಯುತ್ತು ಕ್ಷೀಣವಾಗುತ್ತದೆ. ಒಂದೇ ಕೋಶಕ್ಕೆ ಜೋಡಿಸಿದ ತಂತಿಯನ್ನು ಇಮ್ಮಡಿ ಉದ್ದ ಮಾಡಿದರೆ ಸುತ್ತುಗಳು ಎರಡರಷ್ಟಾಗುತ್ತವೆ, ಪ್ರವಾಹ ಅರ್ಧದಷ್ಟಾಗುತ್ತದೆ. ಗುಣಿಸಿ ನೋಡಿದರೆ ಲಾಭವಿಲ್ಲ. ಈ ಸಂಬಂಧವನ್ನು ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ್ದರಾದರೂ ಆಲ್ಬನಿಯ ಅಧ್ಯಾಪಕರಿಗೆ ಅದು ತಲುಪಿರಲಿಲ್ಲ. ಪ್ರಯೋಗದಿಂದಲೇ ಅವರು ದಾರಿ ಕಂಡುಕೊಂಡರು. ಉದ್ದನೆಯ ಒಂದು ತಂತಿಯ ಬದಲು ಹಲವು ಗಿಡ್ಡ ತಂತಿಗಳನ್ನು ಸುತ್ತಿ, ಪ್ರತಿಯೊಂದರ ಎರಡು ತುದಿಗಳನ್ನೂ ನೇರವಾಗಿ ಕೋಶಕ್ಕೇ ಸೇರಿಸುವುದು. ಒಂದು ತೊಟ್ಟಿಯ ನೀರನ್ನು ಒಂದೇ ಉದ್ದನೆಯ ಕೊಳವೆಯಿಂದ ಹರಿಸುವುದಕ್ಕೂ ಒಂಬತ್ತು ಗಿಡ್ಡ ಕೊಳವೆಗಳಿಂದ ಹರಿಸುವುದಕ್ಕೂ ಇರುವ ವ್ಯತ್ಯಾಸವನ್ನು ತೋಟಕ್ಕೆ ನೀರು ಬಿಟ್ಟ ಯಾರೂ ಬಲ್ಲರು.

1831ರ ಜನವರಿಯಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಕೊಟ್ಟಿರುವ ಅಂಕಿಗಳನ್ನು ನಮ್ಮ ತೂಕಕ್ಕೆ ತಿರುಗಿಸಿ ಇಲ್ಲಿ ಕೊಡುತ್ತೇನೆ. ಎರಡಂಗುಲ ಚೌಕದ, ಇಪ್ಪತ್ತಂಗುಲ ಉದ್ದದ ಮೆದು ಕಬ್ಬಿಣದ ಸಲಾಕೆಯನ್ನು ಲಾಳದಂತೆ ಬಗ್ಗಿಸಿದರು. ತೂಕ ಸುಮಾರು ಒಂಬತ್ತೂವರೆ ಕಿಲೋ. ಅದರ ಮೇಲೆ ತಲಾ 60 ಅಡಿಯ ಒಂಬತ್ತು ತಂತಿಗಳು, ಒಟ್ಟು 540 ಅಡಿ. ಪ್ರತಿ ತಂತಿಯ ತುದಿಗಳನ್ನು ಹೊರಗೆ ಬಿಟ್ಟು ಅವಕ್ಕೆ ಸಂಖ್ಯೆ ಹಾಕಿದ್ದರು. ಕೋಶವೆಂದರೆ ಒಂದರೊಳಗೊಂದು ನಿಲ್ಲಿಸಿದ ಎರಡು ತಾಮ್ರದ ಕೊಳವೆಗಳು, ನಡುವೆ ಸತುವು, ಅರ್ಧ ಪೈಂಟ್ ತೆಳು ಆಮ್ಲ. ಒಂದೇ ತಂತಿಯನ್ನು ಜೋಡಿಸಿದಾಗ ಕಾಂತ ತನ್ನ ತುದಿಗಳಿಗೆ ಅಂಟುವ ಮೂರು ಕಿಲೋದ ಕಬ್ಬಿಣದ ಅಡ್ಡಪಟ್ಟಿಯನ್ನು ಮಾತ್ರ ಹೇಗೋ ಹಿಡಿದು ನಿಲ್ಲಿಸಿತು. ಲಾಳದ ಬಾಗಿನಲ್ಲಿ ಆಚೆ ಈಚೆ ಇದ್ದ ಎರಡು ತಂತಿಗಳನ್ನು ಜೋಡಿಸಿದಾಗ 66 ಕಿಲೋ ಎತ್ತಿತು. ಅದೇ ಎರಡು ತಂತಿಗಳು ಲಾಳದ ಎರಡು ತುದಿಗಳ ಬಳಿಯವಾದಾಗ 91 ಕಿಲೋ. ಮೂರಕ್ಕೆ 136, ನಾಲ್ಕಕ್ಕೆ 227, ಆರಕ್ಕೆ 258. ಒಂಬತ್ತೂ ಸೇರಿದಾಗ 295 ಕಿಲೋ. ಐವತ್ತು ಕಿಲೋದ ಅಕ್ಕಿಮೂಟೆಗಳು ಸುಮಾರು ಆರು! ಕೋಶದ ಸತುವನ್ನು ಒಂದಂಗುಲ ಚೌಕಕ್ಕೆ ಇಳಿಸಿದಾಗಲೂ ಒಂಬತ್ತು ತಂತಿಗಳ ಕಾಂತ 38 ಕಿಲೋ ಎತ್ತಿತು. ಕೋಶ ದೊಡ್ಡದಿರಬೇಕೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ತಂತಿಯ ಜೋಡಣೆಯಲ್ಲಿಯೇ ಬಲವಿದೆಯೆಂದು ಅವರು ತೋರಿಸಿಕೊಟ್ಟರು.

ತುದಿಗಳಿಗೆ ಸಂಖ್ಯೆ ಹಾಕಿದ ಮಾತನ್ನು ಓದುವಾಗ ನನಗೆ ನಗು ಬಂದದ್ದುಂಟು. ಒಂದು ವರ್ಷ ವಿಜ್ಞಾನ ಮೇಳಕ್ಕೆಂದು ನಮ್ಮ ಮಕ್ಕಳು ಕಮ್ಮಾರರಿಂದ ಲಾಳಾಕಾರದ ಸಲಾಕೆ ಮಾಡಿಸಿ, ಎರಡು ಕಾಲುಗಳಿಗೂ ಬಹಳ ಶ್ರದ್ಧೆಯಿಂದ ತಂತಿ ಸುತ್ತಿದ್ದರು. ಮೇಳದ ಮುಂಚಿನ ದಿನ ಸೆಲ್ಲು ಜೋಡಿಸಿದರೆ ಒಂದು ಬೀಗದ ಕೈಯನ್ನೂ ಅದು ಸರಿಯಾಗಿ ಎತ್ತಲಿಲ್ಲ. ತಂತಿ ಕಡಿದಿದೆಯೆಂದು ನಾನು ಬೈದೆ, ಸೆಲ್ಲು ಹಳತೆಂದು ಬದಲಿಸಿದೆ. ದೋಷ ನನ್ನದೇ ಆಗಿತ್ತು. ಎರಡು ಕಾಲುಗಳ ಸುರುಳಿಗಳನ್ನು ತಪ್ಪು ತುದಿಗಳಲ್ಲಿ ಕೂಡಿಸಿಕೊಟ್ಟಿದ್ದವನು ನಾನು. ಎರಡೂ ತುದಿಗಳಲ್ಲಿ ಒಂದೇ ಧ್ರುವ ಹುಟ್ಟಿ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತಿತ್ತು. ಒಂದು ಸುರುಳಿಯ ತುದಿಗಳನ್ನು ಅದಲು ಬದಲು ಮಾಡಿದ ಏಳನೆಯ ತರಗತಿಯ ಹುಡುಗಿಯೊಬ್ಬಳಿಂದ ಆ ರಾತ್ರಿ ನಮ್ಮ ಮಾನ ಉಳಿಯಿತು. ಮನೆಯಲ್ಲಿ ಇದನ್ನು ಮಾಡಬಯಸುವ ಕಿರಿಯರಿಗೆ ಇನ್ನೊಂದು ಮಾತು: ಗಿಡ್ಡ ತಂತಿಗಳನ್ನು ಹೀಗೆ ಒಟ್ಟಿಗೆ ಸೇರಿಸಿದಾಗ ಪ್ರವಾಹ ಹೆಚ್ಚು ಹರಿದು ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ. ಕೆಲವು ಕ್ಷಣ ಮಾತ್ರ ಮುಟ್ಟಿಸಿ ಬಿಡಬೇಕು. ಮನೆಯ ಗೋಡೆಯ ಪ್ಲಗ್ಗಿನ ಹತ್ತಿರ ಸುಳಿಯಲೇ ಬಾರದು.

ಮುಂದಿನದು ವೇಗವಾಗಿ ನಡೆಯಿತು. ಅದೇ 1831ರಲ್ಲಿ ಯೇಲ್ ಕಾಲೇಜಿನ ಪ್ರಾಧ್ಯಾಪಕ ಸಿಲಿಮನ್ ಅವರಿಗಾಗಿ ಮಾಡಿಕೊಟ್ಟ 27 ಕಿಲೋ ತೂಕದ ಕಾಂತ 936 ಕಿಲೋ ಎತ್ತಿತು. ನ್ಯೂಯಾರ್ಕ್ ರಾಜ್ಯದ ಕ್ರೌನ್ ಪಾಯಿಂಟ್ ಎಂಬಲ್ಲಿಯ ಕಬ್ಬಿಣದ ಕಾರ್ಖಾನೆಯವರು ಅದಿರನ್ನು ಬೇರ್ಪಡಿಸುವುದಕ್ಕಾಗಿ ಅವರಿಂದ ಕಾಂತ ಮಾಡಿಸಿಕೊಂಡರು. ಆ ಕಾಂತವನ್ನು ನೋಡಲು ಬಂದ ಥಾಮಸ್ ಡೇವನ್‌ಪೋರ್ಟ್ ಎಂಬ ಕಮ್ಮಾರ ಅದಕ್ಕೆ ಮರುಳಾಗಿ, ಕೊಂಡುಹೋಗಿ, ಬಿಚ್ಚಿ ನೋಡಿ, 1834ರಲ್ಲಿ ವಿದ್ಯುತ್ ಮೋಟಾರೊಂದನ್ನೇ ರಚಿಸಿದ.

ಆದರೆ ಹೆನ್ರಿಯವರು ಗಮನಿಸಿದ ಮತ್ತೊಂದು ಸಂಗತಿ ಇದಕ್ಕಿಂತ ದೂರ ಹೋಯಿತು. ಗಿಡ್ಡ ತಂತಿಗಳ ಕಾಂತ ಹತ್ತಿರವಿದ್ದಾಗ ಭಾರ ಎತ್ತುತ್ತದೆ, ನಿಜ. ಕೋಶದಿಂದ ಬಹುದೂರವಿಟ್ಟರೆ ಸತ್ತಂತಿರುತ್ತದೆ. ಅಂತಹ ಕಡೆ ಬೇಕಾದದ್ದು ಉದ್ದನೆಯ ಒಂದೇ ತಂತಿಯ, ಬಹಳ ಸುತ್ತುಗಳ ಕಾಂತ, ಮತ್ತು ಸಾಲಾಗಿ ಜೋಡಿಸಿದ ಹಲವು ಕೋಶಗಳು. ಪಠ್ಯಪುಸ್ತಕದ ಉತ್ತರ ಸರಿಯಾಗುವುದು ಇಲ್ಲಿ. ಅಕಾಡೆಮಿಯ ಕೊಠಡಿಯ ಗೋಡೆಗಳಿಗೆ ಒಂದು ಮೈಲಿಗೂ ಮಿಕ್ಕಿ ತಂತಿಯನ್ನು ಸುತ್ತಿ ಸುತ್ತಿ ಹಾಯಿಸಿ, ಒಂದು ತುದಿಯಲ್ಲಿ ಕೋಶಗಳನ್ನು, ಇನ್ನೊಂದು ತುದಿಯಲ್ಲಿ ಇಂತಹ ಕಾಂತವನ್ನು ಇಟ್ಟರು. ಕಾಂತದ ನಡುವೆ ತಿರುಗುವ ಉಕ್ಕಿನ ಸಲಾಕೆಯೊಂದು ಗಂಟೆಯನ್ನು ಬಾರಿಸಿತು. 1831ರಲ್ಲಿ ಆ ಶಾಲೆಯ ಮಕ್ಕಳು ಕೇಳಿದ ಆ ಗಂಟೆಯ ಸದ್ದೇ ಟೆಲಿಗ್ರಾಫಿನ ಆರಂಭವೆನ್ನಬಹುದು.

ಅದೇ ಹೊತ್ತಿಗೆ ಅವರಿಗೊಂದು ದೊಡ್ಡ ನಷ್ಟವೂ ಆಯಿತು. ವಿದ್ಯುತ್ತು ಕಾಂತತ್ವವನ್ನು ಹುಟ್ಟಿಸುವುದಾದರೆ ಕಾಂತತ್ವದಿಂದ ವಿದ್ಯುತ್ತು ಹುಟ್ಟಬಾರದೇಕೆ ಎಂಬ ಪ್ರಶ್ನೆ ಯುರೋಪಿನ ಪಂಡಿತರನ್ನೆಲ್ಲ ಕಾಡುತ್ತಿತ್ತು. ಹೆನ್ರಿಯವರ ಕೈಯಲ್ಲಿ ಪ್ರಬಲವಾದ ಕಾಂತವಿತ್ತು. ಅದರ ಅಡ್ಡಪಟ್ಟಿಗೆ ಬೇರೊಂದು ತಂತಿಯನ್ನು ಸುತ್ತಿ, ಅದರ ತುದಿಗಳನ್ನು ದೂರದಲ್ಲಿದ್ದ ಸೂಚಿಯಂತ್ರಕ್ಕೆ ಜೋಡಿಸಿದರು. ಕೋಶವನ್ನು ಆಮ್ಲದಲ್ಲಿ ಇಳಿಸಿದ ಕ್ಷಣ ಸೂಚಿ ಒಂದು ಕಡೆಗೆ ಜಿಗಿಯಿತು. ಮೇಲೆತ್ತಿದ ಕ್ಷಣ ಇನ್ನೊಂದು ಕಡೆಗೆ. ಉತ್ತರ ದೊರಕಿತ್ತು. ಇನ್ನೂ ದೊಡ್ಡ ಉಪಕರಣದಿಂದ ಸರಿಯಾಗಿ ನೋಡಿಯೇ ಬರೆಯೋಣವೆಂದು ಅವರು ಎಣಿಸಿದರು. ರಜೆ ಮುಗಿಯಿತು, ಕೊಠಡಿ ತರಗತಿಗೆ ಬೇಕಾಯಿತು, ಅಂಕಗಣಿತ ಮರಳಿತು. ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯವರು ಇದೇ ಸತ್ಯವನ್ನು 1831ರ ಆಗಸ್ಟ್ 29ರಂದು ತಾವಾಗಿಯೇ ಕಂಡು, ತಡಮಾಡದೆ ಪ್ರಕಟಿಸಿದರು. ಸುದ್ದಿ ಆಲ್ಬನಿಗೆ ಮುಟ್ಟಿದ ಮೇಲೆ ಹೆನ್ರಿಯವರು ಅವಸರವಾಗಿ ಬರೆದ ಲೇಖನ ಹೊರಬಂದದ್ದು 1832ರ ಜುಲೈಯಲ್ಲಿ. ಕೀರ್ತಿ ಫ್ಯಾರಡೆಯವರದಾಯಿತು, ಅದು ನ್ಯಾಯವೂ ಹೌದು, ಮೊದಲು ಪ್ರಕಟಿಸಿದವರು ಅವರೇ. ಆದರೂ ಹೆನ್ರಿಯವರ ಆ ಲೇಖನದ ಕೊನೆಯಲ್ಲಿ ಫ್ಯಾರಡೆಯವರು ಇನ್ನೂ ಕಾಣದಿದ್ದ ಒಂದು ವಿಷಯವಿತ್ತು. ಉದ್ದನೆಯ ತಂತಿಯನ್ನು ಕೋಶದಿಂದ ಬಿಡಿಸುವಾಗ ದೊಡ್ಡ ಕಿಡಿ ಹಾರುತ್ತದೆ, ಸುರುಳಿಯಾಗಿ ಸುತ್ತಿದರೆ ಕಿಡಿ ಇನ್ನಷ್ಟು ಪ್ರಖರವಾಗುತ್ತದೆ. ಸ್ವಪ್ರೇರಣೆ ಎಂದು ನಾವು ಇಂದು ಕಲಿಸುವ ಪಾಠ ಅದೇ. ರಜೆ ಇನ್ನೊಂದು ತಿಂಗಳು ಇದ್ದಿದ್ದರೆ ಎಂದು ಆ ಭಾಗವನ್ನು ಓದುವಾಗಲೆಲ್ಲ ನನಗೆ ಅನಿಸುತ್ತದೆ.

ಆ ವರ್ಷವೇ ಪ್ರಿನ್ಸ್‌ಟನ್ ಕಾಲೇಜು ಅವರನ್ನು ಕರೆಸಿಕೊಂಡಿತು. ಕಾಲೇಜಿನ ಪದವಿ ಇಲ್ಲದ ಈ ಅಧ್ಯಾಪಕರು ಅಲ್ಲಿ ಹದಿನಾಲ್ಕು ವರ್ಷ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಮಾಡಿದ ಕಾಂತ ಒಂದೂವರೆ ಟನ್ನಿಗೂ ಹೆಚ್ಚು ಭಾರ ಹೊತ್ತಿತು. ದೂರದಿಂದ ಬಂದ ದುರ್ಬಲ ಪ್ರವಾಹದಿಂದ ಒಂದು ಸಣ್ಣ ಕಾಂತವನ್ನು ಚಾಲನೆಗೊಳಿಸಿ, ಅದು ಮತ್ತೊಂದು ಬಲವಾದ ಮಂಡಲವನ್ನು ತೆರೆಯುವಂತೆ ಮಾಡಿ, ದೊಡ್ಡ ಕಾಂತ ಹಿಡಿದಿದ್ದ ಭಾರವನ್ನು ಧೊಪ್ಪನೆ ಬೀಳಿಸುವುದು ಅವರ ತರಗತಿಯ ನೆಚ್ಚಿನ ಪ್ರಯೋಗವಾಗಿತ್ತು. ರಿಲೇ ಎಂದು ಈಗ ಕರೆಯುವ ಸಾಧನದ ಮೂಲ ಇದು. ಅವರ ಪ್ರಯೋಗಾಲಯದ ಸಹಾಯಕರಾಗಿದ್ದ ಸ್ಯಾಮ್ ಪಾರ್ಕರ್ ಎಂಬ ಕರಿಯ ಜನಾಂಗದ ಕೆಲಸಗಾರರನ್ನು ಇಲ್ಲಿ ನೆನೆಯಬೇಕು. ಅಂತಹವರ ಹೆಸರು ಸಾಮಾನ್ಯವಾಗಿ ಪುಸ್ತಕಗಳಲ್ಲಿ ಉಳಿಯುವುದಿಲ್ಲ.

ಚಿತ್ರಕಾರರಾಗಿದ್ದ ಸ್ಯಾಮ್ಯುಯೆಲ್ ಮೋರ್ಸ್ ತಂತಿವಾರ್ತೆಯ ಯಂತ್ರಕ್ಕೆ ಕೈಹಾಕಿದ್ದು ಈ ಕಾಲದಲ್ಲಿ. ಅವರ ಮೊದಲ ಯಂತ್ರದಲ್ಲಿದ್ದುದು ಒಂದೇ ಕೋಶ ಮತ್ತು ಕೆಲವೇ ಸುತ್ತುಗಳ ಕಾಂತ. ಸಂದೇಶ ಕೊಠಡಿಯಿಂದಾಚೆ ಹೋಗಲೊಲ್ಲದು. ಹೆನ್ರಿಯವರ 1831ರ ಲೇಖನವನ್ನು ಓದಿದ್ದ ಲೆನರ್ಡ್ ಗೇಲ್ ಎಂಬ ಪ್ರಾಧ್ಯಾಪಕರು ಕೋಶಗಳನ್ನೂ ಸುತ್ತುಗಳನ್ನೂ ಹೆಚ್ಚಿಸುವ ಉಪಾಯ ಹೇಳಿಕೊಟ್ಟ ಮೇಲೆ ಅದೇ ಯಂತ್ರ ಹತ್ತು ಮೈಲಿ ತಂತಿಯ ಮೂಲಕ ಕೆಲಸ ಮಾಡಿತು. ಹೆನ್ರಿಯವರು ಪೇಟೆಂಟ್ ಪಡೆಯುವ ಗೋಜಿಗೆ ಹೋಗಲಿಲ್ಲ. ವಿಜ್ಞಾನಿ ಕಂಡುಹಿಡಿದದ್ದು ಎಲ್ಲರ ಸ್ವತ್ತೆಂಬುದು ಅವರ ನಿಲುವು. ಮೋರ್ಸ್ ಅವರಿಗೆ ಸಂತೋಷದಿಂದಲೇ ಸಲಹೆಯನ್ನೂ ಬೆಂಬಲದ ಪತ್ರವನ್ನೂ ಕೊಟ್ಟರು. ಮುಂದೆ ಪೇಟೆಂಟಿನ ವ್ಯಾಜ್ಯಗಳು ಎದ್ದು ಹೆನ್ರಿಯವರು ಒಲ್ಲದ ಮನಸ್ಸಿನಿಂದ ಸಾಕ್ಷಿ ನುಡಿಯಬೇಕಾಗಿ ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿದರು. ಇದರಿಂದ ಕೆರಳಿದ ಮೋರ್ಸ್ 1855ರಲ್ಲಿ ಅವರನ್ನು ಹಳಿದು ಬರೆದರು. ಹೆನ್ರಿಯವರು ಪ್ರತಿಯಾಗಿ ಜಗಳಕ್ಕಿಳಿಯದೆ, ತಮ್ಮ ಮೇಲಿನ ಆರೋಪವನ್ನು ವಿಚಾರಿಸಬೇಕೆಂದು ತಾವಿದ್ದ ಸಂಸ್ಥೆಯ ಆಡಳಿತ ಮಂಡಳಿಯನ್ನೇ ಕೇಳಿಕೊಂಡರು. ವಿಚಾರಣೆಯಲ್ಲಿ ಅವರ ಮಾತೇ ದಿಟವೆಂದು ಸಿದ್ಧವಾಯಿತು.

ಆ ಸಂಸ್ಥೆ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್. 1846ರಲ್ಲಿ ಅದರ ಪ್ರಥಮ ಕಾರ್ಯದರ್ಶಿಯಾದ ಹೆನ್ರಿಯವರು ಕೊನೆಯವರೆಗೂ ಅಲ್ಲಿಯೇ ಇದ್ದರು. ಆಡಳಿತದ ಹೊರೆಯಲ್ಲಿ ಸ್ವಂತ ಸಂಶೋಧನೆ ಬಹುಮಟ್ಟಿಗೆ ಹಿಂದುಳಿಯಿತು. ಟೆಲಿಗ್ರಾಫ್ ಕಚೇರಿಗಳಿಂದ ಹವೆಯ ಸುದ್ದಿ ತರಿಸಿ ನಕ್ಷೆಯಲ್ಲಿ ಗುರುತಿಸುವ ವ್ಯವಸ್ಥೆ, ದೀಪಸ್ತಂಭಗಳಿಗೆ ಅಗ್ಗದ ಎಣ್ಣೆಯ ಪರೀಕ್ಷೆ, ಇಂತಹ ಕೆಲಸಗಳಲ್ಲಿ ಮೂವತ್ತೆರಡು ವರ್ಷ ಕಳೆದವು. 1865ರ ಜನವರಿಯಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದು ಅವರ ಕಾಗದಪತ್ರಗಳಲ್ಲಿ ಬಹಳಷ್ಟು ಭಸ್ಮವಾದವು. 1875ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬ ತರುಣ ತನ್ನ ಉಪಕರಣವನ್ನು ಹಿಡಿದುಕೊಂಡು ಬಂದು, ತಂತಿಯ ಮೂಲಕ ಮಾತು ಕಳುಹಿಸುವ ಆಸೆಯನ್ನೂ ವಿದ್ಯುತ್ತಿನ ಜ್ಞಾನ ತನಗೆ ಸಾಲದೆಂಬ ಅಳುಕನ್ನೂ ತೋಡಿಕೊಂಡಾಗ, ಎಪ್ಪತ್ತೇಳರ ವೃದ್ಧರು ಆ ಜ್ಞಾನವನ್ನು ಸಂಪಾದಿಸಿಕೊಳ್ಳುವಂತೆ ಹೇಳಿ ಧೈರ್ಯ ತುಂಬಿ ಕಳುಹಿಸಿದರು.

1878ರ ಮೇ 13ರಂದು ಹೆನ್ರಿಯವರು ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಅಮೆರಿಕದ ಅಧ್ಯಕ್ಷರೂ ಬಂದಿದ್ದರು. 1893ರಲ್ಲಿ ಷಿಕಾಗೋದಲ್ಲಿ ಸೇರಿದ ವಿದ್ಯುತ್ ವಿಜ್ಞಾನಿಗಳ ಅಂತಾರಾಷ್ಟ್ರೀಯ ಸಮ್ಮೇಳನ ಪ್ರೇರಣೆಯ ಮಾನಕ್ಕೆ ಹೆನ್ರಿ ಎಂಬ ಹೆಸರನ್ನೇ ಇಟ್ಟಿತು. ಹನ್ನೊಂದು ಹನ್ನೆರಡನೆಯ ತರಗತಿಯ ನಮ್ಮ ಮಕ್ಕಳು ಲೆಕ್ಕದ ಕೊನೆಗೆ ಬರೆಯುವ ಅಕ್ಷರ ಅದು. ಆಲ್ಬನಿಯಲ್ಲಿ ಅವರು ಪಾಠ ಹೇಳಿದ ಹಳೆಯ ಶಾಲಾ ಕಟ್ಟಡ ಜೋಸೆಫ್ ಹೆನ್ರಿ ಸ್ಮಾರಕವೆಂಬ ಹೆಸರಿನಿಂದ ಈಗಲೂ ನಿಂತಿದೆ. ಎದುರಿಗೆ ಅವರ ಪ್ರತಿಮೆಯಿದೆ.